ಒಡೆದ ಹಡಗು, ತಣ್ಣನೆಯ ಕಡಲು

ಮುಳುಗಿದ ಹಡಗುಗಳನ್ನು ನೋಡಲೆಂದೇ ಕಡಲಿಗೆ ಇಳಿಯುವುದು ತೀರ ಈಚಿನ ಹವ್ಯಾಸ. ಉಸಿರೆಳೆದಷ್ಟೇ ಗಾಳಿ ಬಿಡುವ ರೆಗ್ಯುಲೇಟರನ್ನು ಝಾಕ್ ಕೂಸ್ತೋ ಮತ್ತು ಎಮಿಲ್ ಗಾನ್ಯಾನ್ 1943ರಲ್ಲಿ ರೂಪಿಸುವವರೆಗೆ, ತಾಮ್ರದ ಹೆಲ್ಮೆಟ್ಟು, ಸೀಸದ ಬೂಟು ತೊಟ್ಟು ದೋಣಿಯ ಮೇಲಿನ ಪಂಪನ್ನೇ ನೆಚ್ಚಿಕೊಂಡ ವೃತ್ತಿಯವರಿಗೆ ಮಾತ್ರ ಆ ಲೋಕ ತೆರೆದಿತ್ತು. ಬೆನ್ನಿಗೆ ಸಿಲಿಂಡರು ಕಟ್ಟಿಕೊಂಡು ಯಾರು ಬೇಕಾದರೂ ಇಳಿಯಬಹುದು ಎಂದಾದ ಮೇಲೆ, 1953ರಲ್ಲಿ ಬ್ರಿಟಿಷ್ ಸಬ್-ಆಕ್ವಾ ಕ್ಲಬ್ ಹುಟ್ಟಿತು. ಇಂಗ್ಲೆಂಡಿನ ಸುತ್ತಲಿನ ಬೂದುಬಣ್ಣದ, ಮೈ ಕೊರೆಯುವ ನೀರಿನಲ್ಲಿ ಸಾವಿರಾರು ಜನ ಹಡಗು ಹುಡುಕತೊಡಗಿದರು. ಆ ಬಳಗದಲ್ಲಿ ಮೊದಲಿನಿಂದಲೂ ಒಂದು ಮೇಲುಕೀಳು ಬೇರೂರಿದೆ. ಇಡಿಯಾಗಿ ನಿಂತ ಹಡಗು ಉತ್ತಮ. ತುಂಡಾಗಿ, ತಗಡು ಕಳಚಿ, ತಳದಲ್ಲಿ ಹರಡಿಕೊಂಡದ್ದು ಹೊಸಬರಿಗೆ ಅಥವಾ ಬೇರೆ ಕಡೆ ಹವಾ ಕೆಟ್ಟ ದಿನಕ್ಕೆ. ಈ ಎಣಿಕೆ ತಲೆಕೆಳಗಾದದ್ದು ಎಂಬುದು ಈ ಲೇಖನದ ವಾದ. ತಣ್ಣೀರಿನ ಕರಾವಳಿಯಲ್ಲಿ ಒಡೆದ ಹಡಗೇ ಸಾಮಾನ್ಯ, ಇಡಿಯಾದದ್ದು ಅಪವಾದ. ಒಡೆದ ಹಡಗಿನಲ್ಲಿ ಡೈವರಿಗೆ ಬೇಕಾಗುವುದು ಗಾಳಿ, ಧೈರ್ಯಗಳಿಗಿಂತ ಹೆಚ್ಚಾಗಿ ಓದುವ ಕಣ್ಣು, ಮತ್ತು ಆ ಕಣ್ಣಿಗೆ ಎಷ್ಟು ಹೊತ್ತು ಸಿಗುತ್ತದೆ ಎಂಬುದನ್ನು ನಿರ್ಧರಿಸುವುದು ಆಳಕ್ಕಿಂತ ಮಿಗಿಲಾಗಿ ಚಳಿ.

ಇದಕ್ಕೆ ಒಳ್ಳೆಯ ಉದಾಹರಣೆ ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲಿನಲ್ಲಿ, ಪ್ಲಿಮತ್ ಬಂದರಿಗೆ ಸಮೀಪದ ವಿಟ್‌ಸ್ಯಾಂಡ್ ಕೊಲ್ಲಿಯಲ್ಲಿ ಇರುವ ಜೇಮ್ಸ್ ಈಗನ್ ಲೇನ್. ಯುದ್ಧಕಾಲದಲ್ಲಿ ಅಮೆರಿಕ ಅಚ್ಚು ಹಾಕಿದಂತೆ ಕಟ್ಟಿದ 2,710 ಲಿಬರ್ಟಿ ಹಡಗುಗಳಲ್ಲಿ ಇದೂ ಒಂದು. ನ್ಯೂ ಆರ್ಲಿಯನ್ಸಿನ ಡೆಲ್ಟಾ ಕಾರ್ಖಾನೆಯಲ್ಲಿ 1944ರ ಕೊನೆಗೆ ನೀರಿಗಿಳಿದು, ನಾಲ್ಕು ತಿಂಗಳು ತುಂಬುವಷ್ಟರಲ್ಲಿ ತಳ ಕಂಡಿತು. ವೇಲ್ಸಿನ ಬ್ಯಾರಿಯಿಂದ ಬೆಲ್ಜಿಯಮಿನ ಗೆಂಟ್‌ಗೆ ಸೇನೆಯ ಇಂಜಿನಿಯರಿಂಗ್ ಸರಕು ಹೊತ್ತು ಸಾಗುತ್ತಿದ್ದಾಗ, 1945ರ ಮಾರ್ಚ್ 21ರಂದು ಯು-1195 ಎಂಬ ಜರ್ಮನ್ ಜಲಾಂತರ್ಗಾಮಿಯ ಟಾರ್ಪಿಡೊ ಬಡಿಯಿತು. ಯಾರೂ ಸಾಯಲಿಲ್ಲ. ಎಳೆದೋಣಿಗಳು ಹಡಗನ್ನು ಕೊಲ್ಲಿಗೆ ಎಳೆದು ತಂದವು. ದಡಕ್ಕೇರಿಸಿ ಉಳಿಸಿಕೊಳ್ಳುವ ಮೊದಲೇ ಅದು ಸುಮಾರು 22 ಮೀಟರ್ ನೀರಿನಲ್ಲಿ ನೆಟ್ಟಗೆ ಕೂತುಬಿಟ್ಟಿತು. ಹೊಡೆದ ಜಲಾಂತರ್ಗಾಮಿಯೂ ಹದಿನೇಳು ದಿನಗಳಲ್ಲಿ ಬ್ರಿಟಿಷ್ ನೌಕಾಪಡೆಗೆ ಸಿಕ್ಕಿ ಮುಳುಗಿತು. ಹಡಗಿನ ಕಂಬಗಳು ಎಷ್ಟೋ ವರ್ಷ ನೀರಿನ ಮೇಲೆ ಕಾಣುತ್ತಿದ್ದವು. ಈಗ ಮೂತಿಯ ಭಾಗವೊಂದೇ ಹಡಗಿನ ಆಕಾರ ಉಳಿಸಿಕೊಂಡು ಮೇಲ್ಮೈಗೆ ಸುಮಾರು 8 ಮೀಟರ್ ಸಮೀಪದವರೆಗೆ ಏರಿ ನಿಂತಿದೆ. ನಡುಭಾಗದ ಡೆಕ್ಕುಗಳು ಕುಸಿದಿವೆ, ಪಕ್ಕದ ತಗಡುಗಳು ಹೊರಕ್ಕೆ ಮಗುಚಿವೆ, ಹಿಂಭಾಗ ಕಳಚಿ ಬೇರೆಯೇ ಬಿದ್ದಿದೆ.

ಮೊದಲ ಸಲ ಇಳಿದವರಿಗೆ ಇದು ಗುಜರಿ ಅಂಗಡಿಯ ಹಿತ್ತಲಂತೆ ಕಂಡರೆ ಅಚ್ಚರಿಯಿಲ್ಲ. ಆದರೆ ಉಕ್ಕಿನ ಹಡಗು ಮನಸ್ಸಿಗೆ ಬಂದಂತೆ ಒಡೆಯುವುದಿಲ್ಲ, ಅದಕ್ಕೊಂದು ಕ್ರಮವಿದೆ. ತೆರೆದ ಕಡಲಿನಲ್ಲಿ ಉಕ್ಕು ವರ್ಷಕ್ಕೆ ಮಿಲಿಮೀಟರಿನ ಹತ್ತನೇ ಒಂದರಷ್ಟು ಸವೆಯುತ್ತದೆ ಎಂಬುದು ಸ್ಥೂಲ ಲೆಕ್ಕ. ತೆಳುವಾದ ಮೇಲ್ಕಟ್ಟಡ, ಕೋಣೆಗಳ ಗೋಡೆಗಳು ಮೊದಲು ಹೋಗುತ್ತವೆ. ಆಮೇಲೆ ಡೆಕ್ಕನ್ನು ಹೊತ್ತ ಅಡ್ಡತೊಲೆಗಳು ಸೋಲುತ್ತವೆ. ಎರಡು ಪಕ್ಕಗಳನ್ನು ಹಿಡಿದಿಟ್ಟುಕೊಂಡಿದ್ದ ಡೆಕ್ಕು ಒಳಕ್ಕೆ ಕುಸಿದರೆ ಪಕ್ಕಗಳಿಗೆ ಆಸರೆ ತಪ್ಪಿ, ಚಳಿಗಾಲದ ದೊಡ್ಡ ಅಲೆಗಳು ನೂಕಿದ ಕಡೆಗೆ ಮಲಗುತ್ತವೆ. ಮೂತಿಯಲ್ಲೂ ಹಿಂತುದಿಯಲ್ಲೂ ಚೌಕಟ್ಟು ಒತ್ತೊತ್ತಾಗಿ, ತಗಡು ಕಿರಿದಾದ ಜಾಗದಲ್ಲಿ ಬಾಗಿ ಕೂಡಿಕೊಳ್ಳುವುದರಿಂದ ಅವು ಹೆಚ್ಚು ಕಾಲ ತಾಳುತ್ತವೆ. ಬಾಯ್ಲರು, ಇಂಜಿನ್ನು, ಪ್ರೊಪೆಲರಿನ ದಂಡ, ಲಂಗರೆತ್ತುವ ಯಂತ್ರ ಇವು ಕೊನೆಯವರೆಗೂ ನಿಲ್ಲುವಂಥವು. ನೂರು ವರ್ಷ ಹಳೆಯ ಸ್ಟೀಮರುಗಳಲ್ಲಿ ತಳದಿಂದ ಎತ್ತರಕ್ಕೆ ಕಾಣುವುದು ಬಹುಮಟ್ಟಿಗೆ ಬಾಯ್ಲರುಗಳೇ. ಹೀಗಾಗಿ ಒಡೆದ ಹಡಗಿನಲ್ಲಿ ಒಂದೇ ಒಂದು ವಸ್ತುವನ್ನು ಸರಿಯಾಗಿ ಗುರುತಿಸಿದರೆ ಮಿಕ್ಕದ್ದರ ದಿಕ್ಕು ಸಿಗುತ್ತದೆ. ಲಿಬರ್ಟಿ ಹಡಗಿನಲ್ಲಿ ಮುಂದೆ ಮೂರು ಸರಕಿನ ಕೋಣೆ, ನಡುವೆ ಬಾಯ್ಲರು ಮತ್ತು ಇಂಜಿನ್ನು, ಹಿಂದೆ ಇನ್ನೆರಡು ಸರಕಿನ ಕೋಣೆ. ಇಂಜಿನ್ನಿನ ಮೂರು ಸಿಲಿಂಡರುಗಳು ಚಿಕ್ಕದು, ನಡುತರದ್ದು, ದೊಡ್ಡದು ಎಂದು ಸಾಲಾಗಿರುತ್ತವೆ. ಆ ಸಾಲೇ ಹಡಗಿನ ಉದ್ದದ ಗೆರೆ. ದಂಡ ಹೊರಟ ಕಡೆ ಹಿಂಭಾಗ. ಪಕ್ಕೆಲುಬಿನಂಥ ಚೌಕಟ್ಟಿನ ಒಳಮುಖ ಯಾವ ಕಡೆಗಿದೆ ಎಂದು ನೋಡಿದರೆ, ಮಗುಚಿದ ತಗಡು ಎಡಪಕ್ಕದ್ದೋ ಬಲಪಕ್ಕದ್ದೋ ತಿಳಿಯುತ್ತದೆ. ಸರಕೂ ಸುಳಿವು ಕೊಡುತ್ತದೆ: ಜೇಮ್ಸ್ ಈಗನ್ ಲೇನಿನಲ್ಲಿ ತುಕ್ಕಿಗೆ ಒಂದಕ್ಕೊಂದು ಅಂಟಿ ಗಟ್ಟಿಯಾದ ಪಿಕಾಸಿಯ ತಲೆಗಳು ಸಿಕ್ಕಿವೆ, ಹಿಡಿಗಳ ಮರ ಎಂದೋ ಕರಗಿದೆ. ಇಡಿಯಾದ ಹಡಗು ಇಂಥ ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ. ಅದು ತನ್ನ ಹೊರಮೈ ತೋರಿಸಿ ಸುಮ್ಮನಾಗುತ್ತದೆ.

ಚಳಿಯೇ ಹಡಗನ್ನು ಒಡೆಯುತ್ತದೆ ಎಂದು ಇಲ್ಲಿ ಯಾರಾದರೂ ತಿಳಿದರೆ, ಅದು ಅರ್ಧ ಸತ್ಯ. ತಣ್ಣೀರು ಹಲವು ಬಾರಿ ಕಾಪಾಡುತ್ತದೆ. ಬಾಲ್ಟಿಕ್ ಕಡಲಿನ ಉಪ್ಪು ಕಡಿಮೆ ಇರುವ ನೀರಿನಲ್ಲಿ ಮರ ಕೊರೆಯುವ ಹಡಗುಹುಳು ಬಾಳಲಾರದ್ದರಿಂದ 1628ರಲ್ಲಿ ಮುಳುಗಿದ ವಾಸಾ ಎಂಬ ಹಡಗು 1961ರಲ್ಲಿ ಇಡಿಯಾಗಿ ಮೇಲೆ ಬಂತು. ಉತ್ತರ ಅಮೆರಿಕದ ಮಹಾಸರೋವರಗಳ ಸಿಹಿನೀರಿನಲ್ಲಿ ಹತ್ತೊಂಬತ್ತನೆಯ ಶತಮಾನದ ಹಾಯಿಹಡಗುಗಳು ಕಂಬ ಸಮೇತ ನಿಂತಿರುವುದುಂಟು. ಇಂಗ್ಲಿಷ್ ಕಾಲುವೆ, ಉತ್ತರ ಸಮುದ್ರ, ನೋವಾ ಸ್ಕೋಷಿಯಾದ ಕರಾವಳಿಗಳಲ್ಲಿ ಒಡೆಯುವ ಕೆಲಸ ಮಾಡುವುದು ಅಟ್ಲಾಂಟಿಕಿನ ಅಲೆಯೂ ದಿನಕ್ಕೆ ನಾಲ್ಕು ಬಾರಿ ದಿಕ್ಕು ಬದಲಿಸುವ ಸೆಳೆತವೂ ಸೇರಿ. ಚಳಿ ಉಕ್ಕಿನ ಮೇಲೆ ಇನ್ನೊಂದು ದಾರಿಯಿಂದ ಕೈ ಹಾಕಿದ್ದೂ ಇದೆ. ಯುದ್ಧಕಾಲದ ಬೆಸುಗೆ ಹಾಕಿದ ಹಡಗುಗಳಲ್ಲಿ ಕೆಲವು ಶತ್ರುವೇ ಇಲ್ಲದೆ ಬಿರುಕು ಬಿಟ್ಟವು. ಶನೆಕ್ಟಡಿ ಎಂಬ ಟ್ಯಾಂಕರು 1943ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನ ಕಟ್ಟೆಯಲ್ಲಿ ನಿಂತಿದ್ದಾಗಲೇ ನಡು ಮುರಿದುಕೊಂಡಿತು. ದೋಷ ಬೆಸುಗೆಯದೊಂದೇ ಅಲ್ಲ, ಒಂದು ಉಷ್ಣತೆಯಿಂದ ಕೆಳಗೆ ಆ ಉಕ್ಕು ಬಾಗುವುದನ್ನು ಬಿಟ್ಟು ಗಾಜಿನ ಹಾಗೆ ಸಿಡಿಯುತ್ತದೆ ಎಂದು ಕೇಂಬ್ರಿಜ್ಜಿನ ಕಾನ್ಸ್‌ಟೆನ್ಸ್ ಟಿಪ್ಪರ್ ತೋರಿಸಿಕೊಟ್ಟರು. ಜೇಮ್ಸ್ ಈಗನ್ ಲೇನಿಗೆ ಆದದ್ದು ಟಾರ್ಪಿಡೊ ಮತ್ತು ಕಾಲದ ಹೊಡೆತ. ಆದರೂ ಲಿಬರ್ಟಿ ಹಡಗಿನ ಮುರಿದ ಅಂಚು ಕಂಡಾಗಲೆಲ್ಲ ಬಲ್ಲವರಿಗೆ ಟಿಪ್ಪರ್ ನೆನಪಾಗದೆ ಇರುವುದಿಲ್ಲ.

ಡೈವರಿನ ಮೈ ಮೇಲೆ ಚಳಿಯ ಕೈ ಇನ್ನೂ ನೇರ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಎಳೆದೊಯ್ಯುತ್ತದೆ. ಇಂಗ್ಲಿಷ್ ಕಾಲುವೆಯ ಪಶ್ಚಿಮ ಭಾಗದಲ್ಲಿ ಚಳಿಗಾಲದ ಕೊನೆಗೆ ನೀರು 8–9 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿಯುತ್ತದೆ. ಬೇಸಿಗೆಯ ಕೊನೆಗೂ 17ರ ಆಸುಪಾಸು ದಾಟುವುದು ಕಡಿಮೆ. ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪದ ಬಳಿ ತೆಳು ಸೂಟಿನಲ್ಲಿ ಡೈವಿಂಗ್ ಕಲಿತವರಿಗೆ ಈ ನೀರು ಬೇರೆಯದೇ ವಿದ್ಯೆ ಕಲಿಸುತ್ತದೆ. ಇಲ್ಲಿ ಬೇಕಾದದ್ದು ಡ್ರೈಸೂಟ್: ಕುತ್ತಿಗೆ, ಮಣಿಕಟ್ಟುಗಳಲ್ಲಿ ನೀರು ನುಗ್ಗದಂತೆ ಬಿಗಿದ ಪಟ್ಟಿ, ಒಳಗೆ ದಪ್ಪ ಉಣ್ಣೆಯಂಥ ಉಡುಪು, ಅದರ ಎಳೆಗಳ ನಡುವೆ ಹಿಡಿದಿಟ್ಟ ಗಾಳಿ. ಕಾಪಾಡುವುದು ಆ ಗಾಳಿಯೇ, ಕಾಡುವುದೂ ಅದೇ. ಇಪ್ಪತ್ತು ಮೀಟರಿನಲ್ಲಿ ಒತ್ತಡ ಮೇಲ್ಮೈಯ ಮೂರು ಪಟ್ಟು. ಗಾಳಿ ಕುಗ್ಗಿ ಸೂಟು ಮೈಗೆ ಒತ್ತುತ್ತದೆ, ಸಿಲಿಂಡರಿನಿಂದ ಮತ್ತೆ ತುಂಬಬೇಕು. ಮೇಲೇರುವಾಗ ಅದೇ ಗಾಳಿ ಹಿಗ್ಗುತ್ತದೆ. ಬಿಡಲು ಮರೆತರೆ ಡೈವರನ್ನು ಬೆಲೂನಿನಂತೆ ಮೇಲಕ್ಕೆ ಎಳೆಯುತ್ತದೆ. ಉಡುಪಿನ ತೇಲುವಿಕೆಯನ್ನು ಸರಿದೂಗಿಸಲು ಸೊಂಟಕ್ಕೆ ಹೆಚ್ಚು ಸೀಸ. ದಪ್ಪ ಕೈಗವಸಿನೊಳಗೆ ಅರ್ಧ ತಾಸಿಗೆ ಬೆರಳುಗಳು ಮರಗಟ್ಟಿ, ಕೊಕ್ಕೆ ಸಿಕ್ಕಿಸುವುದು, ಚಾಕು ತೆಗೆಯುವುದು, ದಾರದ ಗಂಟು ಬಿಡಿಸುವುದು ದೊಡ್ಡ ಕೆಲಸವಾಗುತ್ತದೆ. ರೆಗ್ಯುಲೇಟರಿಗೂ ಚಳಿ ತಟ್ಟುತ್ತದೆ. ಇನ್ನೂರು ಬಾರ್‌ಗಿಂತ ಹೆಚ್ಚಿನ ಒತ್ತಡದ ಗಾಳಿ ಒಮ್ಮೆಲೇ ಹತ್ತು ಬಾರ್ ಆಸುಪಾಸಿಗೆ ಇಳಿದಾಗ ವಿಪರೀತ ತಣ್ಣಗಾಗುತ್ತದೆ; ಸುತ್ತಲ ನೀರೂ ತಣ್ಣಗಿದ್ದರೆ ಕವಾಟದಲ್ಲಿ ಮಂಜುಗಟ್ಟಿ ಅದು ತೆರೆದೇ ನಿಂತು, ಸಿಲಿಂಡರು ಕೆಲವೇ ನಿಮಿಷಗಳಲ್ಲಿ ಬರಿದಾಗುತ್ತದೆ. ಯುರೋಪಿನ ಮಾನಕ 10 ಡಿಗ್ರಿಗಿಂತ ಕೆಳಗಿನ ನೀರನ್ನು ತಣ್ಣೀರೆಂದು ಬೇರೆಯಾಗಿ ಎಣಿಸಿ, ಅಂಥಲ್ಲಿ ಬಳಸುವ ರೆಗ್ಯುಲೇಟರನ್ನು 4 ಡಿಗ್ರಿಯಲ್ಲಿ ಪರೀಕ್ಷಿಸುವುದು ಇದಕ್ಕಾಗಿ.

ಇಷ್ಟೆಲ್ಲ ಅನನುಕೂಲವೆಂದು ಸಹಿಸಿಕೊಳ್ಳಬಹುದಿತ್ತು. ಚಳಿಯ ನಿಜವಾದ ಬೆಲೆ ಮೇಲೇರುವಾಗ ತೆರಬೇಕಾದದ್ದು. ಒತ್ತಡದಲ್ಲಿ ರಕ್ತಕ್ಕೂ ಮಾಂಸಕ್ಕೂ ಸೇರಿದ ಸಾರಜನಕ ಮೆಲ್ಲಗೆ ಹೊರಬರಬೇಕು. ಅವಸರವಾದರೆ ಗುಳ್ಳೆಗಟ್ಟುತ್ತದೆ ಎಂಬ ಲೆಕ್ಕವನ್ನು ಜಾನ್ ಸ್ಕಾಟ್ ಹಾಲ್ಡೇನ್ 1908ರಲ್ಲಿಯೇ ಕೋಷ್ಟಕವಾಗಿಸಿದ್ದರು. ಆ ಕೋಷ್ಟಕಗಳು ಆಳವನ್ನೂ ಸಮಯವನ್ನೂ ಕೇಳುತ್ತವೆ, ಮೈ ಬೆಚ್ಚಗಿದೆಯೇ ಎಂದು ಕೇಳುವುದಿಲ್ಲ. ಅಮೆರಿಕದ ನೌಕಾಪಡೆಯ ಪ್ರಾಯೋಗಿಕ ಡೈವಿಂಗ್ ಘಟಕ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಳದಲ್ಲಿ ಬೆಚ್ಚಗಿದ್ದು ಮೇಲೇರುವಾಗ ತಣ್ಣಗಾದವರಿಗೆ ಡಿಕಂಪ್ರೆಷನ್ ಕಾಯಿಲೆಯ ಅಪಾಯ ಬಹಳ ಹೆಚ್ಚೆಂದೂ, ತಳದಲ್ಲಿ ತಣ್ಣಗಿದ್ದು ಏರುವಾಗ ಬೆಚ್ಚಗಾದವರಿಗೆ ಬಹಳ ಕಡಿಮೆಯೆಂದೂ ಕಂಡಿತು. ಬೆಚ್ಚಗಿರುವಾಗ ರಕ್ತ ಚೆನ್ನಾಗಿ ಹರಿದು ಅನಿಲವನ್ನು ತುಂಬುತ್ತದೆ. ತಣ್ಣಗಾದಾಗ ಕೈಕಾಲಿನ ರಕ್ತನಾಳಗಳು ಮುಚ್ಚಿಕೊಂಡು ಅದು ಅಲ್ಲೇ ಸಿಕ್ಕಿಬೀಳುತ್ತದೆ. ಆ ಪ್ರಯೋಗದಲ್ಲಿ ‘ತಣ್ಣಗೆ’ ಎಂದರೆ 27 ಡಿಗ್ರಿ! ತೊಟ್ಟ ಉಡುಪು ಬೇರೆಯಾದ್ದರಿಂದ ಅದನ್ನು ಕಾರ್ನ್‌ವಾಲಿನ ಡ್ರೈಸೂಟಿಗೆ ನೇರವಾಗಿ ಹೊಂದಿಸಲಾಗದು, ಆದರೆ ದಿಕ್ಕು ಸ್ಪಷ್ಟ. ಹೊಸದಾಗಿ ಬೆಚ್ಚಗೆ ಇಳಿದು, ದುಡಿದು, ಕೊನೆಗೆ ನಡುಗುತ್ತ ಹಗ್ಗ ಹಿಡಿದು ಏರುವ ತಣ್ಣೀರಿನ ಡೈವರು ಸರಿಯಾಗಿ ಆ ಕೆಟ್ಟ ಪಂಗಡಕ್ಕೇ ಸೇರುತ್ತಾನೆ. ಆಳ ಕಡಿಮೆ ಇರುವ ಒಡೆದ ಹಡಗಿಗೆ ಇಲ್ಲಿ ಬೆಲೆ ಬರುತ್ತದೆ. ಅದನ್ನು ಓದಲು ಹೊತ್ತು ಬೇಕು, ಮತ್ತು ಇಪ್ಪತ್ತು ಮೀಟರಿನಲ್ಲಿ ಆ ಹೊತ್ತಿಗೆ ಮೈ ತೆರುವ ಸಾಲ ನಲವತ್ತು ಮೀಟರಿನದಕ್ಕಿಂತ ಎಷ್ಟೋ ಕಡಿಮೆ.

ಸೆಳೆತದ ವಿಷಯ ಚುಟುಕಾಗಿ ಹೇಳಬಹುದು. ಉಬ್ಬರ ಇಳಿತಗಳ ನಡುವೆ ನೀರು ನಿಲ್ಲುವ ಸ್ವಲ್ಪ ಹೊತ್ತನ್ನು ಕೋಷ್ಟಕ ನೋಡಿ ಹಿಡಿಯಬೇಕು. ಭಾರ ಕಟ್ಟಿದ ಹಗ್ಗವನ್ನು ದೋಣಿಯಿಂದ ಹಡಗಿನ ಮೇಲೆ ಇಳಿಬಿಟ್ಟು ಅದನ್ನೇ ಹಿಡಿದು ಇಳಿಯಬೇಕು. ಹಗ್ಗಕ್ಕೆ ಮರಳಲಾಗದಿದ್ದರೆ ಉದ್ದನೆಯ ಬಣ್ಣದ ಬುರುಡೆಯನ್ನು ದಾರಕ್ಕೆ ಕಟ್ಟಿ ಮೇಲಕ್ಕೆ ಬಿಟ್ಟು, ದೋಣಿಯವರಿಗೆ ತಾವಿರುವ ಜಾಗ ತೋರಿಸಬೇಕು. ವಸಂತದಲ್ಲಿ ಪ್ಲವಕಗಳು ಬೆಳೆದು ನೀರು ಹಸಿರು ಗಂಜಿಯಾದಾಗ ಕಣ್ಣೆದುರಿನ ಕೈಯೂ ಮಸಕು. ಒಳ್ಳೆಯ ದಿನಗಳಲ್ಲೂ ಹಡಗಿನ ಹತ್ತನೇ ಒಂದು ಭಾಗವೂ ಒಟ್ಟಿಗೆ ಕಾಣುವುದು ಅಪರೂಪ. ನೋಡಿದ ತುಣುಕುಗಳನ್ನು ಮನಸ್ಸಿನಲ್ಲಿ ಜೋಡಿಸಲೇಬೇಕು ಎನ್ನುವುದು ಇಡಿಯಾದ ಹಡಗಿಗೂ ತಪ್ಪದ ಮಾತು. ಒಡೆದದ್ದು ಅದನ್ನು ಬಚ್ಚಿಡುವುದಿಲ್ಲ, ಅಷ್ಟೆ.

ಇಡಿಯಾದ ಹಡಗಿನ ಪರ ವಾದಿಸುವವರಿಗೆ ಜೇಮ್ಸ್ ಈಗನ್ ಲೇನಿನ ನೆರೆಯಲ್ಲೇ ಸಾಕ್ಷಿಯಿದೆ. ಬ್ರಿಟಿಷ್ ನೌಕಾಪಡೆಯ ಸಿಲ್ಲಾ ಎಂಬ ಯುದ್ಧನೌಕೆಯನ್ನು ಪ್ಲಿಮತ್ತಿನ ರಾಷ್ಟ್ರೀಯ ಸಾಗರ ಅಕ್ವೇರಿಯಂ ಕೊಂಡು, ಎಣ್ಣೆ, ತಂತಿ, ವಿಷವಸ್ತುಗಳನ್ನು ತೆಗೆದು, ಒಳಹೊಕ್ಕು ಹೊರಬರಲು ಒಡಲಿನಲ್ಲಿ ಕಿಂಡಿ ಕೊರೆದು, 2004ರ ಮಾರ್ಚ್ 27ರಂದು ಅದೇ ಕೊಲ್ಲಿಯಲ್ಲಿ ಬೇಕೆಂದೇ ಮುಳುಗಿಸಿತು. ಹಡಗಿನ ಒಳಗಿನ ಓಣಿ, ಏಣಿ, ಕೋಣೆಗಳನ್ನು ಇದ್ದ ಹಾಗೇ ನೋಡಬಹುದು. ಒಡೆದ ರಾಶಿಯಲ್ಲಿ ಆ ಅನುಭವ ಎಲ್ಲಿಂದ ಬರಬೇಕು ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಆದರೆ ಅಲೆ ಕೊಲ್ಲಿಯೊಳಗೆ ಹೊತ್ತು ತರುವ ನವುರು ಹೂಳು ಮುಚ್ಚಿದ ಕೋಣೆಗಳಲ್ಲಿ ಕೂರುತ್ತದೆ, ಹೊರಹೋಗಲು ದಾರಿಯಿಲ್ಲ. ಒಂದು ಈಜುಗಾಲಿನ ಬೀಸಿಗೆ ಕೋಣೆಯೆಲ್ಲ ಕತ್ತಲು. ತಲೆಯ ಮೇಲೆ ಚಾವಣಿ ಇರುವುದರಿಂದ ನೇರ ಮೇಲೇರುವ ಹಾದಿಯೂ ಇಲ್ಲ. ಸಿಲ್ಲಾದ ಒಳಗೆ ಡೈವರುಗಳು ಪ್ರಾಣ ಕಳೆದುಕೊಂಡಿದ್ದಾರೆ. ಹೊರಗಿನ ಅಂದಕ್ಕೆ ಕುಂದಿಲ್ಲದ ಹಡಗಿನ ಒಳಗಿಗೆ ಹೋಗುವುದು ಬೇರೆ ತರಬೇತಿ, ಬೇರೆ ದಾರ, ಬೇರೆ ಗಾಳಿಯ ಲೆಕ್ಕ ಬೇಡುವ ಕೆಲಸ. ಒಡೆದ ಹಡಗಿನಲ್ಲಿ ಮೇಲೆ ನೋಡಿದರೆ ಹೆಚ್ಚಿನ ಕಡೆ ಬೆಳಕೇ ಕಾಣುತ್ತದೆ. ಹಾಗೆಂದು ಅದು ನಿರಪಾಯವೂ ಅಲ್ಲ: ತುಕ್ಕಿನ ಒಂದೆರಡು ಹಿಡಿತದಲ್ಲಿ ತೂಗುವ ತಗಡು, ಅಂಚಿನ ಹರಿತ, ಮೀನುಗಾರರ ಕಳೆದ ಬಲೆ, ಸುಲಭವಾಗಿ ಕಣ್ಣಿಗೆ ಬೀಳದ ನೈಲಾನ್ ಗಾಳದ ದಾರ ಎಲ್ಲ ಉಂಟು. ಆದರೆ ಇವು ಎಚ್ಚರದಿಂದ ನೋಡಿದರೆ ಕಾಣುವ, ಸುತ್ತಿಹೋಗಬಹುದಾದ ಅಪಾಯಗಳು. ಇಡಿಯಾದ ಹಡಗಿನದು ಒಳಹೊಕ್ಕ ಮೇಲಷ್ಟೇ ತಿಳಿಯುವಂಥದ್ದು.

ಇನ್ನೊಂದು ಆಕ್ಷೇಪ ಪುರಾತತ್ವದ ಕಡೆಯಿಂದ ಬರುತ್ತಿತ್ತು. ಅಲೆಗೆ ಸಿಕ್ಕಿ ಚದುರಿದ ಹಡಗಿನಲ್ಲಿ ವಸ್ತುಗಳ ನಡುವಣ ಸಂಬಂಧವೇ ಅಳಿದಿರುತ್ತದೆ, ಅಲ್ಲಿ ಅಗೆದು ಕಲಿಯುವುದೇನು ಎಂದು. ಇದಕ್ಕೆ ಉತ್ತರ ಕೊಟ್ಟವರು ಕೀತ್ ಮಕಲ್ರಾಯ್. ಶೆಟ್‌ಲ್ಯಾಂಡಿನ ಔಟ್ ಸ್ಕೆರೀಸ್ ಬಂಡೆಗಳಿಗೆ 1664ರ ಡಿಸೆಂಬರಿನಲ್ಲಿ ಬಡಿದು ನುಚ್ಚಾದ ಕೆನೆಮರ್‌ಲಾಂಡ್ ಎಂಬ ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗಿನ ಅವಶೇಷಗಳು ಎಲ್ಲೆಲ್ಲಿ ಬಿದ್ದಿವೆ ಎಂಬುದನ್ನು ಅವರು ಎಣಿಸಿ, ಅಂಕಿಅಂಶದ ವಿಧಾನದಿಂದ ಪರೀಕ್ಷಿಸಿ, ಚದುರಿಕೆಯಲ್ಲೂ ವಿನ್ಯಾಸವಿದೆ ಎಂದು ತೋರಿಸಿದರು. 1978ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, ಹಡಗು ಒಡೆಯುವ ಹೊತ್ತಿನಿಂದ ಇಂದಿನವರೆಗೆ ಏನೇನು ತೇಲಿಹೋಗುತ್ತದೆ, ಏನು ಕೊಳೆಯುತ್ತದೆ, ಏನು ಕಲಸಿಹೋಗುತ್ತದೆ ಎಂಬುದನ್ನು ಹಂತಹಂತವಾಗಿ ಬಿಡಿಸಿಟ್ಟರು. ಎರಡೇ ವರ್ಷಗಳಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಸ್ಕಾಟ್ಲೆಂಡಿನ ಲೋಕ್ ಟೇ ಸರೋವರದಲ್ಲಿ ಡೈವಿಂಗ್ ಅಪಘಾತಕ್ಕೆ ಅವರು ಬಲಿಯಾದರು. ಇಂದಿಗೂ ಈ ಶಾಸ್ತ್ರ ಅವರ ಚೌಕಟ್ಟನ್ನು ಬಿಟ್ಟು ಮಾತಾಡುವುದಿಲ್ಲ. ತಣ್ಣೀರಿನಿಂದ ದೂರವಾದರೂ ಕನ್ನಡ ಓದುಗರಿಗೆ ಹತ್ತಿರದ ಸಾಕ್ಷಿ ಗೋವಾದ ಸೇಂಟ್ ಜಾರ್ಜ್ ಬಂಡೆಸಾಲಿನಲ್ಲಿದೆ. ಅಲ್ಲಿ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ಕಂಡ ಹಡಗಿನ ಹೆಸರು ಗೊತ್ತಿಲ್ಲ. ಉಳಿದದ್ದು ಮುಖ್ಯವಾಗಿ ಸುಟ್ಟ ಮಣ್ಣಿನ ಸರಕು, ಚಾವಣಿಯ ಹೆಂಚು, ಮೂಲೆಹೆಂಚು, ಚಿಮಣಿಯ ಇಟ್ಟಿಗೆ. ಹೆಂಚಿನ ಮೇಲಿನ ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865’ ಎಂಬ ಮುದ್ರೆ ಸರಕು ಎಲ್ಲಿಯದು, ಹಡಗು ಮುಳುಗಿದ್ದು ಯಾವ ವರ್ಷಕ್ಕಿಂತ ಈಚೆಗೆ ಎಂಬ ಎರಡನ್ನೂ ಹೇಳಿತು. ಮಂಗಳೂರಿನ ಜೆಪ್ಪುವಿನ ಆವೆಯಲ್ಲಿ ಶುರುವಾದ ಉದ್ಯಮದ ಹೆಸರು, ಹಡಗಿನ ಹೆಸರೇ ಅಳಿದ ಮೇಲೂ ಉಳಿದಿತ್ತು.

ಆದರೂ ಎಲ್ಲ ಒಡಕಿಗೂ ಕಡಲೇ ಹೊಣೆಯಲ್ಲ ಎಂಬುದನ್ನು ಒಪ್ಪಬೇಕು. ಒಡೆದವರಲ್ಲಿ ಮನುಷ್ಯರೂ ಇದ್ದಾರೆ. ಬಂಗಾಳಕ್ಕೂ ಚೀನಾಕ್ಕೂ ಹೊರಟಿದ್ದ ಅರ್ಲ್ ಆಫ್ ಅಬರ್ಗೆವೆನಿ ಎಂಬ ಹಡಗು 1805ರ ಫೆಬ್ರವರಿಯಲ್ಲಿ ವೇಮತ್ ಎದುರು ಮುಳುಗಿದಾಗ, ಕವಿ ವರ್ಡ್ಸ್‌ವರ್ತರ ತಮ್ಮ, ಕಪ್ತಾನ ಜಾನ್, ಇನ್ನೂರಕ್ಕೂ ಹೆಚ್ಚು ಜನರೊಂದಿಗೆ ಹೋದರು. ಅದರಲ್ಲಿದ್ದ ಬೆಳ್ಳಿಯ ಪೆಟ್ಟಿಗೆಗಳನ್ನು ಮುಂದಿನ ವರ್ಷಗಳಲ್ಲಿ ಜಾನ್ ಬ್ರೇತ್‌ವೇಟ್ ಡೈವಿಂಗ್ ಸಾಧನದ ನೆರವಿನಿಂದ ಮೇಲೆತ್ತಿದರು. ಓರ್ಕ್ನಿಯ ಸ್ಕಾಪಾ ಫ್ಲೋದಲ್ಲಿ 1919ರ ಜೂನ್ 21ರಂದು ಜರ್ಮನರೇ ಮುಳುಗಿಸಿದ ತಮ್ಮ ನೌಕಾಬಲದ 52 ಹಡಗುಗಳಲ್ಲಿ ಬಹುಪಾಲನ್ನು ಅರ್ನೆಸ್ಟ್ ಕಾಕ್ಸ್ ಮತ್ತು ನಂತರದವರು ಎತ್ತಿ ಗುಜರಿಗೆ ಕಳಿಸಿದರು. ಉಳಿದ ಮೂರು ಮಹಾನೌಕೆ, ನಾಲ್ಕು ಲಘುನೌಕೆಗಳಲ್ಲೂ ಇಂಜಿನ್ ಕೋಣೆಯ ಹಿತ್ತಾಳೆ, ತಾಮ್ರಕ್ಕಾಗಿ ಸಿಡಿಮದ್ದು ಇಟ್ಟ ಗಾಯಗಳಿವೆ. ಇದೂ ಓದಬೇಕಾದ ಪುಟವೇ. ಸಿಡಿಮದ್ದಿನ ತೂತಿನ ಅಂಚು ಹೊರಕ್ಕೆ ಬಾಗಿದ್ದರೆ ಒಂದು ಕಥೆ, ತುಕ್ಕಿನಿಂದ ತೆಳುವಾಗಿ ಉದುರಿದ್ದರೆ ಇನ್ನೊಂದು. ಒಡೆದದ್ದನ್ನು ಕಡೆಗಣಿಸಿದ್ದರಿಂದ ಆದ ನಷ್ಟವೂ ಇಲ್ಲೇ ತಿಳಿಯುತ್ತದೆ. ಸಿಲಿ ದ್ವೀಪಗಳ ಬಂಡೆಗೆ 1707ರಲ್ಲಿ ಬಡಿದ ಅಸೋಸಿಯೇಷನ್ ಎಂಬ ಹಡಗು 1967ರಲ್ಲಿ ಸಿಕ್ಕಾಗ, ಕಮರಿಗಳಲ್ಲಿ ಚೆಲ್ಲಿದ ತೋಪು, ನಾಣ್ಯಗಳನ್ನು ಬಿಡಿ ವಸ್ತುಗಳೆಂದು ಬಗೆದು ಬಾಚಿಕೊಂಡವರೇ ಹೆಚ್ಚು. ಅಂಥ ಪೈಪೋಟಿಯ ಒತ್ತಡದಿಂದಲೇ 1973ರಲ್ಲಿ ಬ್ರಿಟನ್ ಭಗ್ನನೌಕೆಗಳ ರಕ್ಷಣೆಯ ಕಾಯಿದೆ ತಂದಿತು. ಇಂದು ಅಲ್ಲಿ ಯಾವ ಹಡಗಿನಿಂದ ಏನನ್ನೇ ಮೇಲೆ ತಂದರೂ ಸರ್ಕಾರದ ಅಧಿಕಾರಿಗೆ ವರದಿ ಮಾಡಬೇಕು. ಒಂದು ಹಿತ್ತಾಳೆಯ ಕಿಟಕಿ ಮನೆಯ ಗೋಡೆಗೆ ಬಂದರೆ ಅಲಂಕಾರ; ಇದ್ದಲ್ಲೇ ಇದ್ದರೆ ಯಾವ ಪಕ್ಕ, ಯಾವ ಡೆಕ್ಕು ಎಂದು ಹೇಳುವ ಗುರುತು.

ಜೀವಿಗಳಿಗೆ ಈ ಮೇಲುಕೀಳಿನ ಗೊಡವೆಯಿಲ್ಲ. ಮೂತಿಯ ಅಂಚಿನಲ್ಲಿ ಬಿಳಿ, ಕಿತ್ತಳೆ ಬಣ್ಣದ ಕಡಲಹೂಗಳು ಸೆಳೆತಕ್ಕೆ ಮುಖ ಮಾಡಿ ಅರಳಿರುತ್ತವೆ. ಮೃದುಹವಳದ ಗೊಂಚಲುಗಳು ನೀರು ವೇಗವಾಗಿ ಹರಿಯುವ ತಗಡುಗಳನ್ನೇ ಆರಿಸಿಕೊಳ್ಳುತ್ತವೆ. ಮಗುಚಿದ ತಗಡಿನಡಿಯ ಸಂದಿನಲ್ಲಿ ತೋಳುಗಾತ್ರದ ಕಾಂಗರ್ ಹಾವುಮೀನು, ಸಿಗಡಿಯ ದೊಡ್ಡಣ್ಣನಂಥ ಲಾಬ್‌ಸ್ಟರ್. ನಯವಾದ ಒಂದು ಗೋಡೆಗಿಂತ ಸಂದುಗೊಂದಿಗಳ ರಾಶಿ ಹೆಚ್ಚು ಬಗೆಯ ಜೀವಿಗಳಿಗೆ ಮನೆಯಾಗುತ್ತದೆ ಎನ್ನಲು ದೊಡ್ಡ ಸಿದ್ಧಾಂತವೇನೂ ಬೇಕಿಲ್ಲ. ಆದರೆ ಆ ರಾಶಿಯೂ ನಿಂತ ನೀರಲ್ಲ. ಜೇಮ್ಸ್ ಈಗನ್ ಲೇನ್ ಮುಳುಗಿ ಎಪ್ಪತ್ತು ವರ್ಷವಾದ ಸಂದರ್ಭದಲ್ಲಿ ಲಿಬರ್ಟಿ 70 ಎಂಬ ಯೋಜನೆಯಡಿ ಅದನ್ನು ಹೊಸದಾಗಿ ದಾಖಲಿಸಿದರು. ಹಿಂದಿನ ತಲೆಮಾರಿನ ಡೈವರುಗಳು ಈಜಿ ದಾಟಿದ ಡೆಕ್ಕುಗಳು ಇಂದಿನ ನಕ್ಷೆಯಲ್ಲಿ ತಳದ ತಗಡಾಗಿವೆ. ಮೂತಿಯೂ ಒಂದು ಚಳಿಗಾಲ ಹಾಗೆಯೇ ಮಲಗಲಿದೆ, ಮತ್ತು ನಕ್ಷೆಯನ್ನು ಇನ್ನೊಮ್ಮೆ ಬರೆಯಬೇಕಾಗುತ್ತದೆ.